ಹಳೇ ಕಟ್ಟಡದಲ್ಲಿ ಹಾಲ್ ಮತ್ತೆ ಅಂಗಡಿ ಮಾಡೋರಿಗೆ, ನಮ್ಮ ಅನುಭವ

ಮಡಿಕೇರಿ ಪೇಟೇಲಿ ಅಜ್ಜನ ಕಾಲದ ಮಹಡಿ ಕಟ್ಟಡ ಇದೆ, ಮೇಲೆ ಸಣ್ಣ ಫಂಕ್ಷನ್ ಹಾಲು, ಕೆಳಗೆ ಕಾಫಿಪುಡಿ, ಕರಿಮೆಣಸು, ಜೇನಿನ ಅಂಗಡಿ ಮಾಡ್ಬೇಕು ಅಂತಿದೀವಿ, ಮಾಡಿದೋರಿದ್ರೆ ಹೇಳಿ ಅಂತ ಕೇಳಿದ್ರಲ್ಲ ಅಕ್ಕ, ನಾವು ವಿರಾಜಪೇಟೇಲಿ ಮಾವನವರ ಹಳೇ ಅಂಗಡಿಮನೇನ ಹಿಂಗೇ ಸರಿ ಮಾಡಿದ್ವಿ, ಅದಕ್ಕೇ ಬರೀತಿದೀನಿ. ಕೆಡವಿ ಕಾಂಪ್ಲೆಕ್ಸ್ ಕಟ್ಟದೆ ಉಳಿಸ್ಕೊಳ್ತಿದೀರಲ್ಲ, ಓದಿ ತುಂಬ ಖುಷಿ ಆಯ್ತು.

ಆದ್ರೆ ಫಂಕ್ಷನ್ ಹಾಲ್ ಮಾತ್ರ ಮೇಲೆ ಬೇಡ. ನಾವೂ ಮೇಲೇ ಮಾಡಿದ್ವಿ. ಮೊದಲ್ನೇ ಫಂಕ್ಷನ್ ನಮ್ಮ ಕುಟುಂಬದ್ದೇ ನಿಶ್ಚಿತಾರ್ಥ, ಊಟ ಮುಗೀತು, ವಾಲಗ ಶುರುವಾಗಿ ನಲವತ್ತು ಐವತ್ತು ಜನ ಒಂದೇ ತಾಳಕ್ಕೆ ಕುಣಿಯೋಕೆ ನಿಂತ್ರು, ನಾನು ಕೆಳಗೆ ಅಂಗಡಿಲಿದ್ದೆ, ಶೆಲ್ಫಲ್ಲಿದ್ದ ಜೇನಿನ ಬಾಟ್ಲಿಗಳು ಒಂದಕ್ಕೊಂದು ತಾಗಿ ಟಿಣ್ ಟಿಣ್ ಅಂತಿದಾವೆ, ತಲೆ ಎತ್ತಿದ್ರೆ ಹಲಗೆ ಸಂದೀಲಿ ಧೂಳು ಉದುರ್ತಿದೆ. ಎದೆ ಝಲ್ ಅಂತು. ಓಡಿಹೋಗಿ ವಾಲಗ ನಿಲ್ಸಿ ಎಲ್ರನ್ನೂ ಅಂಗಳಕ್ಕೆ ಇಳಿಸಿದ್ವಿ. ಆಮೇಲೆ ಕರೆಸಿದ ಇಂಜಿನಿಯರ್ ಹೇಳಿದ್ದು, ಐಎಸ್ 875 ಅಂತ ಕಟ್ಟಡದ ಭಾರ ಲೆಕ್ಕ ಹಾಕೋ ಭಾರತದ ಸ್ಟ್ಯಾಂಡರ್ಡ್ ಇದೆ, ಅದರ ಪ್ರಕಾರ ವಾಸದ ಮನೆ ಮಹಡಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಲೆಕ್ಕ ಹಿಡಿದ್ರೆ, ಕುರ್ಚಿ ಫಿಕ್ಸ್ ಮಾಡದೆ ಜನ ಸೇರೋ ಹಾಲಿಗೆ ಸುಮಾರು 500 ಕೆಜಿ ಹಿಡೀಬೇಕಂತೆ. ಅಜ್ಜನ ಕಾಲದ ಮರಕ್ಕೆ ಎಲ್ಲಿಂದ ಬರತ್ತೆ ಆ ಶಕ್ತಿ? ತೊಲೆ ಗೋಡೆಯೊಳಗೆ ಕೂತಿರೋ ತುದಿನೇ ಮೊದ್ಲು ಲಡ್ಡಾಗೋದು, ಹೊರಗಿಂದ ಚೆನ್ನಾಗೇ ಕಾಣತ್ತೆ, ಸ್ಕ್ರೂಡ್ರೈವರ್ ತಗೊಂಡು ಗೋಡೆ ಹತ್ರ ಒಂದೊಂದು ತೊಲೆನೂ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋದ್ರೆ ಗೊತ್ತಾಗೋಯ್ತು. ಈಗ ನಮ್ಮ ಹಾಲು ಹಿಂದಿನ ಗೋಡೌನಲ್ಲಿ, ನೆಲದ ಮೇಲೇ. ರಸ್ತೆ ಕಡೆ ಅಂಗಡಿ, ಮಹಡೀಲಿ ಡ್ರೆಸ್ಸಿಂಗ್ ರೂಮು, ಆಫೀಸು ಅಷ್ಟೇ.

ನಮ್ಮ ದುಡ್ಡು ಜಾಸ್ತಿ ನೀರುಪಾಲಾಗಿದ್ದು ಗೋಡೇಲಿ. ಹಳೇ ಗೋಡೆ ಮಣ್ಣು ಸುಣ್ಣದಲ್ಲಿ ಕಟ್ಟಿದ್ದು, ಮಳೆಗಾಲದಲ್ಲಿ ತೇವ ಹೀರ್ಕೊಂಡು ಬೇಸಿಗೇಲಿ ಬಿಟ್ಬಿಡತ್ತೆ. ಕಂಟ್ರಾಕ್ಟರ್ ಮಾತು ಕೇಳಿ ಸಿಮೆಂಟ್ ಬಳ್ದು ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡ್ಸಿದ್ವಿ, ತೇವ ಹೊರಗೆ ಹೋಗೋಕೆ ದಾರಿನೇ ಇಲ್ಲದಂಗಾಯ್ತು. ಕಕ್ಕಡ ತಿಂಗಳಿಗೆ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ಜೋರು ಮಳೆ ಕಾಲ) ಪೇಂಟು ಗುಳ್ಳೆ ಎದ್ದು, ಬೆರಳಿಟ್ರೆ ಅಂಗೈಯಗಲ ಚಕ್ಕೆ ಕಿತ್ತು ಬಂತು, ಒಳಗೆ ಗೋಡೆ ಒದ್ದೆ ಬಟ್ಟೆ ಥರ. ಪೂರ್ತಿ ಕೆರೆಸಿ ಸುಣ್ಣದ ಗಾರೆ ಮಾಡ್ಸಿದ್ಮೇಲೇ ಸರಿಹೋಗಿದ್ದು. ಸುಣ್ಣ ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ತಗೊಂಡು ನಿಧಾನಕ್ಕೆ ಗಟ್ಟಿಯಾಗೋದು, ಹಂಗಾಗಿ ಗಾರೆ ಕೆಲಸ ಡಿಸೆಂಬರಿಂದ ಮಾರ್ಚೊಳಗೆ ಮುಗಿಸ್ಕೊಳ್ಳಿ, ಮಳೆ ಬಾಗಿಲಿಗೆ ಬಂದಾಗ ಮುಟ್ಬೇಡಿ. ಹಳೇ ಹಂಚು ಬಿಸಾಕ್ಬೇಡಿ, ಹೊಸ ಹಂಚಿನ ಜೊತೆ ಅದರ ಕಚ್ಚು ಸರಿಯಾಗಿ ಕೂರಲ್ಲ, ಗಟ್ಟಿ ಇರೋದನ್ನೆಲ್ಲ ಆರಿಸಿ ರಸ್ತೆ ಕಡೆ ಇಳಿಜಾರಿಗೆ ಹಾಕಿ, ಹೊಸದು ಹಿಂದುಗಡೆಗೆ.

ಅಡುಗೆ ಶೆಡ್ ಅಂಗಡಿಯಿಂದ ದೂರ ಇರ್ಲಿ. ಕಾಫಿಪುಡಿ ವಾಸನೆ ಬಹಳ ಬೇಗ ಹಿಡಿಯತ್ತೆ, ಪಂದಿ ಕರಿ (ಹಂದಿ ಮಾಂಸದ ಸಾರು) ಹೊಗೆ ತಾಗಿದ ಪುಡಿನ ಯಾರೂ ಎರಡನೇ ಸಲ ಕೇಳಲ್ಲ.

ಜೂನಿಂದ ಆಗಸ್ಟ್ ತನಕ ನಮಗೆ ಬುಕಿಂಗ್ ಬರೋದೇ ಇಲ್ಲ, ಮಳೆ ಒಂದು ಕಡೆ, ಕಕ್ಕಡದಲ್ಲಿ ಮದುವೆನೂ ಮಾಡಲ್ವಲ್ಲ. ಆ ತಿಂಗಳುಗಳಲ್ಲಿ ಕರೆಂಟ್ ಬಿಲ್ಲು, ಸಂಬಳ ಎಲ್ಲ ಅಂಗಡಿನೇ ಕಟ್ಟಿದ್ದು. ಕಕ್ಕಡ 18ಕ್ಕೆ ಕೊಡಗಲ್ಲಿ ಮದ್ದು ಸೊಪ್ಪು ಅನ್ನೋ ಔಷಧಿ ಗಿಡದ ಅಡುಗೆ ಮಾಡ್ತಾರೆ, ಅದರ ಕಟ್ಟು ತಂದಿಟ್ವಿ, ಬೆಳಿಗ್ಗೆ ಹತ್ತರೊಳಗೆ ಖಾಲಿ. ಅದಕ್ಕೆ ಅಂಗಡಿನ ಹಾಲಿನ ಮುಂದಿನ ಮೂಲೆ ಅಂತ ಸಣ್ಣದಾಗಿ ಮಾಡ್ಬೇಡಿ ಅಕ್ಕ.

ಲೈಸೆನ್ಸ್ ವಿಷ್ಯ ನಗರಸಭೇಲಿ ಮೊದ್ಲೇ ಮಾತಾಡಿ, ಊಟ ಕೊಡೋದಾದ್ರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಲೈಸೆನ್ಸ್, ಡ್ರಿಂಕ್ಸ್ ಇದ್ರೆ ಆ ದಿನಕ್ಕೆ ಅಬಕಾರಿ ಪರ್ಮಿಟ್ಟು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮೈಕ್ ಹಾಕೋ ಹಂಗಿಲ್ಲ, ಅದನ್ನ ಬುಕಿಂಗ್ ರಸೀದೀಲೇ ಬರೆದ್ಬಿಡಿ, ಅಕ್ಕಪಕ್ಕದ ಮನೆಯವರ ಜೊತೆ ಜಗಳ ತಪ್ಪತ್ತೆ.

ಮೇಸ್ತ್ರಿನ ಕರ್ಕೊಂಡು ಒಂದಿನ ಮಡಿಕೇರಿ ಕೋಟೆ ಒಳಗಿರೋ ಸೇಂಟ್ ಮಾರ್ಕ್ಸ್ ಚರ್ಚಿಗೆ ಹೋಗ್ಬನ್ನಿ, ಈಗ ಅದು ಮ್ಯೂಸಿಯಂ. ಹಂಗೇ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆಗೂ, 2021ರಲ್ಲಿ ಅದೂ ಮ್ಯೂಸಿಯಂ ಆಗಿ ತೆರೀತು. ಹಳೇ ಕಟ್ಟಡಕ್ಕೆ ಹೊಸ ಕೆಲಸ ಕೊಟ್ಟಿದ್ದು ನಿಮ್ಮೂರಲ್ಲೇ ಇದೆ, ಮೇಸ್ತ್ರಿಗೆ ಬಾಯಲ್ಲಿ ಹೇಳೋಕಿಂತ ತೋರ್ಸೋದು ಸುಲಭ.

ತೊಲೆ ಚುಚ್ಚಿ ನೋಡಿದ್ಮೇಲೆ ಫೋಟೋ ಹಾಕಿ, ನಮ್ಮ ಮೇಸ್ತ್ರಿಗೆ ತೋರ್ಸಿ ಹೇಳ್ತೀನಿ.