ಆರು ದಿನ, ಐದು ಪಾರ್ಕ್, ಜೊತೆಗೆ ಅತ್ತೆ ಮಾವ: ಆಗುತ್ತಾ?

ಪ್ರಶ್ನೆ (ಫ್ರೀಮಾಂಟ್‌ನ ಗೃಹಿಣಿ):
ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ, ಹಾಸನದಿಂದ ಅತ್ತೆ ಮಾವ ಬಂದಿದ್ದಾರೆ. ಏಪ್ರಿಲ್ ಎರಡನೇ ವಾರ ಮಕ್ಕಳಿಗೆ ರಜೆ. ಡೆತ್ ವ್ಯಾಲಿ, ಝಯಾನ್, ಬ್ರೈಸ್ ಕ್ಯಾನ್ಯನ್, ಆರ್ಚಸ್, ಗ್ರ್ಯಾಂಡ್ ಕ್ಯಾನ್ಯನ್, ಈ ಐದು ನ್ಯಾಷನಲ್ ಪಾರ್ಕ್‌ಗಳನ್ನೂ ಆರು ದಿನದಲ್ಲಿ ನಮ್ಮ ಕಾರಲ್ಲೇ ಸುತ್ತಿ ಬರೋಣ ಅಂತ ನಮ್ಮ ಯಜಮಾನರ ಪ್ಲಾನ್. ಮಾವನಿಗೆ 71 ವರ್ಷ, ಮಂಡಿ ನೋವು, ಬಿಪಿ ಮಾತ್ರೆ ಇದೆ. ಮಗಳು ನಾಲ್ಕನೇ ಕ್ಲಾಸು, ಮಗನಿಗೆ 5. ಲಾಸ್ ವೇಗಸ್‌ನಿಂದ ಟೂರ್ ಗಾಡಿ ಓಡಿಸುವವರು ಈ ಗುಂಪಿನಲ್ಲಿದ್ದಾರೆ ಅಂತ ಕೇಳಿದೆ. ದಯವಿಟ್ಟು ಹೇಳಿ, ಇದು ಆಗುವ ಮಾತಾ?

ಉತ್ತರ (ವೇಗಸ್ ಟೂರ್ ಡ್ರೈವರ್):
ನಮಸ್ಕಾರ ಮೇಡಂ. ಕಾರಿನ ಕೈಲಿ ಆಗುತ್ತದೆ, ಮಾವನವರ ಕೈಲಿ ಆಗಲ್ಲ.

ಲೆಕ್ಕ ನೋಡಿ. ಬ್ರೈಸ್‌ನಿಂದ ಆರ್ಚಸ್‌ಗೆ ನಾಲ್ಕೂವರೆ ಗಂಟೆ. ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿಗೆ ಆರು. ಮತ್ತೆ ವೇಗಸ್‌ಗೆ ನಾಲ್ಕೂವರೆ. ಮಧ್ಯೆ ಊಟ, ಬಾತ್‌ರೂಮ್, ಮಗ ವಾಂತಿ ಮಾಡಿಕೊಳ್ಳುವುದು, ಇವೆಲ್ಲ ಬೇರೆ. ಆರ್ಚಸ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ಎರಡನ್ನೂ ಈ ಸಲ ಬಿಟ್ಟುಬಿಡಿ. ಉಳಿದ ಮೂರೇ ಜಾಸ್ತಿ ಆಯಿತು, ಆದರೂ ನಡೆಯುತ್ತೆ.

ಇನ್ನೊಂದು ವಿಷಯ. ಫ್ರೀಮಾಂಟ್‌ನಿಂದ ಡೆತ್ ವ್ಯಾಲಿಗೆ ನಕ್ಷೆಯಲ್ಲಿ ನೋಡಿದರೆ ಯೊಸೆಮಿಟಿ ದಾಟಿದರೆ ಆಯಿತು ಅನ್ನಿಸುತ್ತದೆ. ಆದರೆ ಏಪ್ರಿಲ್‌ನಲ್ಲಿ ಅಲ್ಲಿನ ಬೆಟ್ಟ ದಾಟುವ ರಸ್ತೆ, ಟಿಯೋಗಾ ಪಾಸ್, ಹಿಮ ಬಿದ್ದು ಮುಚ್ಚಿರುತ್ತದೆ. ಬೇಕರ್ಸ್‌ಫೀಲ್ಡ್, ಟೆಹಾಚಪಿ ಸುತ್ತಿಕೊಂಡು ಹೋಗಬೇಕು. ಒಂದು ದಿನ ಪೂರ್ತಿ ಅದಕ್ಕೇ. ಅದರ ಬದಲು ವಿಮಾನದಲ್ಲಿ ವೇಗಸ್‌ಗೆ ಬನ್ನಿ, ಇಲ್ಲಿ ಏಳು ಸೀಟಿನ ಬಾಡಿಗೆ ಗಾಡಿ ತಗೊಳ್ಳಿ. ಆರು ಜನ, ಆರು ಪೆಟ್ಟಿಗೆ, ಒಂದು ಐಸ್ ಬಾಕ್ಸ್. ಐದು ಸೀಟಿನ ಕಾರಿನ ಮಾತು ಬೇಡವೇ ಬೇಡ. ಮಗನ ಬೂಸ್ಟರ್ ಸೀಟು ಮನೆಯಿಂದಲೇ ತನ್ನಿ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ದಿನ ವೇಗಸ್‌ಗೆ ಬಂದು ಪಾರಂಪ್ ಊರಿನ ಮೂಲಕ ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ಗೆ, ಎರಡು ಗಂಟೆ ದಾರಿ. ಎರಡನೇ ದಿನ ಬೆಳಗ್ಗೆ ಸೂರ್ಯ ಹುಟ್ಟುವಾಗ ಝಬ್ರಿಸ್ಕಿ ಪಾಯಿಂಟ್. ಹತ್ತು ಗಂಟೆಯೊಳಗೆ ಬ್ಯಾಡ್‌ವಾಟರ್ ಅನ್ನುವ ಉಪ್ಪಿನ ಬಯಲು ಮುಗಿಸಿ. ಆಮೇಲೆ ಗಾಡಿಯ ಏಸಿಯಲ್ಲೇ ಕುಳಿತು ಡಾಂಟೆಸ್ ವ್ಯೂ ಹತ್ತಿ. 5,000 ಅಡಿಗೂ ಮೇಲೆ ಇದೆ, ತಂಪಾಗಿರುತ್ತದೆ. ಬೆಳಗ್ಗೆ ನಿಂತಿದ್ದ ಜಾಗ ಅಲ್ಲಿಂದ ಕಾಲ ಕೆಳಗೆ ಕಾಣುತ್ತದೆ. ರಾತ್ರಿಗೆ ವೇಗಸ್‌ಗೆ ವಾಪಸ್. ಮೂರು, ನಾಲ್ಕನೇ ದಿನ ಝಯಾನ್, ಐದು ಬ್ರೈಸ್, ಆರನೇ ದಿನ ಬ್ರೈಸ್‌ನಿಂದ ವೇಗಸ್, ನಾಲ್ಕು ಗಂಟೆ. ಆವತ್ತು ರಾತ್ರಿಯ ವಿಮಾನವೇ ಹಿಡಿಯಿರಿ.

ನೆವಾಡದಿಂದ ಯೂಟಾಗೆ ಕಾಲಿಟ್ಟ ತಕ್ಷಣ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಇದನ್ನು ಮರೆತು ಝಯಾನ್‌ನಲ್ಲಿ ಊಟ ತಪ್ಪಿಸಿಕೊಂಡವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪ್ರಶ್ನೆ (ಅವರೇ):
ಯಜಮಾನರ ಮುಖ ಸಪ್ಪಗಾಯಿತು, ಆದರೂ ಒಪ್ಪಿದರು! ಡೆತ್ ವ್ಯಾಲಿ ಅಂದರೆ ಅತ್ತೆಗೆ ಭಯ. ಹೆಸರೇ ಹಾಗಿದೆ ಅಲ್ವಾ. ಬಿಸಿಲು ತಡೆಯುತ್ತಾ? ಬಟ್ಟೆ, ಊಟ, ನೀರು ಏನು ತರಬೇಕು?

ಉತ್ತರ:
1913ರ ಜುಲೈ 10ರಂದು ಫರ್ನೆಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ದಾಖಲಾಗಿದೆ. ಅದು ಜುಲೈ. ಏಪ್ರಿಲ್‌ನಲ್ಲಿ ಮಧ್ಯಾಹ್ನ 32ರ ಆಸುಪಾಸು, ಕೆಲವು ದಿನ ಇನ್ನೂ ಮೇಲೆ. ರಾಯಚೂರಿನ ಬೇಸಿಗೆಗಿಂತ ಕಡಿಮೆಯೇ. ವ್ಯತ್ಯಾಸ ಏನೆಂದರೆ ಇಲ್ಲಿ ಬೆವರು ಕಾಣಿಸುವುದಿಲ್ಲ. ಗಾಳಿ ಅಷ್ಟು ಒಣ, ಬಂದ ಬೆವರು ಅಲ್ಲೇ ಆರಿಹೋಗುತ್ತದೆ. ಬಾಯಾರಿಕೆ ಆಗುವ ಹೊತ್ತಿಗೆ ತಡವಾಗಿರುತ್ತದೆ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಾಕಿ. ಬರೀ ನೀರು ಸಾಲದು, ಉಪ್ಪೂ ಹೋಗಬೇಕು. ನಿಪ್ಪಟ್ಟು, ಕೋಡುಬಳೆ ಒಳ್ಳೆಯದು. ಮಾವನವರಿಗೆ ಬಿಪಿ ಇದೆಯಲ್ಲ, ನೀರು, ಉಪ್ಪು ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ. ಬ್ರೈಸ್‌ನ ಎತ್ತರದ ಬಗ್ಗೆಯೂ ಕೇಳಿ.

ಯಾಕೆಂದರೆ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ. ಬ್ರೈಸ್‌ನ ಅಂಚು 8,000 ಅಡಿಗಿಂತ ಮೇಲೆ. ಏಪ್ರಿಲ್‌ನಲ್ಲೂ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ದಾರಿಯಲ್ಲಿ ಹಿಮ ಇರಬಹುದು. ಒಂದೇ ಪೆಟ್ಟಿಗೆಯಲ್ಲಿ ಹತ್ತಿ ಸೀರೆಯೂ ಬೇಕು, ಸ್ವೆಟರು, ಮಂಕಿ ಟೋಪಿಯೂ ಬೇಕು.

ಊಟಕ್ಕೆ ಪುಳಿಯೋಗರೆ ಗೊಜ್ಜು, ಚಪಾತಿ, ಅವಲಕ್ಕಿ ಸಾಕು. ಮೊಸರನ್ನ ತಂದರೆ ಐಸ್ ಬಾಕ್ಸ್‌ನಲ್ಲೇ ಇಡಿ. ಪೆಟ್ರೋಲ್ ಪಾರಂಪ್‌ನಲ್ಲಿ ತುಂಬಿಸಿ. ಪಾರ್ಕ್ ಒಳಗೂ ಸಿಗುತ್ತದೆ, ಬೆಲೆ ನೋಡಿದರೆ ಬೇಜಾರಾಗುತ್ತದೆ.

ಇನ್ನೊಬ್ಬ ಸದಸ್ಯರು:
ನಾವು ಐದು ಪಾರ್ಕ್ ಐದೇ ದಿನದಲ್ಲಿ ಮುಗಿಸಿದ್ದೇವೆ. ಸುಮ್ನೆ ಹೆದರಿಸಬೇಡಿ ಸರ್. ಫೋನ್‌ನಲ್ಲಿ ಮ್ಯಾಪ್ ಇದ್ದರೆ ಸಾಕು.

ಉತ್ತರ:
ಮುಗಿಸಿರುತ್ತೀರಿ ಸರ್, ನಂಬುತ್ತೇನೆ. ಆದರೆ 71 ವರ್ಷದವರು ಜೊತೆಗಿದ್ದರಾ?

ಮ್ಯಾಪ್ ವಿಷಯ ನನ್ನದೇ ಕತೆ ಕೇಳಿ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಫೋನ್ 40 ನಿಮಿಷ ಉಳಿಯುತ್ತದೆ ಅಂದಿದ್ದಕ್ಕೆ ಕಲ್ಲುದಾರಿಗೆ ಗಾಡಿ ತಿರುಗಿಸಿದೆ. ಹತ್ತು ಮೈಲಿ ಹೋದ ಮೇಲೆ ಟೈರ್ ಒಡೆಯಿತು. ಸಿಗ್ನಲ್ ಇಲ್ಲ. ಜ್ಯಾಕ್ ಇಟ್ಟರೆ ಮರಳಲ್ಲಿ ಹೂತುಹೋಗುತ್ತೆ. ಮೂರು ಗಂಟೆ ಆದ ಮೇಲೆ ಯಾರೋ ಪುಣ್ಯಾತ್ಮರು ಬಂದರು. ಡೆತ್ ವ್ಯಾಲಿಯಲ್ಲಿ ಬಹುಪಾಲು ಕಡೆ ಫೋನ್ ಬರೀ ಕ್ಯಾಮೆರಾ. ಮ್ಯಾಪ್ ಮುಂಚೆಯೇ ಇಳಿಸಿಕೊಳ್ಳಿ, ಡಾಂಬರು ರಸ್ತೆ ಬಿಡಬೇಡಿ. ಗಾಡಿ ಕೆಟ್ಟರೆ ಅದರ ಹತ್ತಿರವೇ ಇರಿ, ನಡೆದುಕೊಂಡು ಹೊರಡಬೇಡಿ.

ಮಳೆಯನ್ನೂ ಹಗುರವಾಗಿ ತಗೋಬೇಡಿ. ಇಲ್ಲಿನ ನೆಲ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಹರಿಯುತ್ತದೆ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆ ಒಂದೇ ದಿನ ಎರಡು ಇಂಚು ಚಿಲ್ಲರೆ ಸುರಿಯಿತು. ರಸ್ತೆಗಳು ಕೊಚ್ಚಿಹೋಗಿ ಪಾರ್ಕ್ ಸುಮಾರು ಎರಡು ತಿಂಗಳು ಮುಚ್ಚಿತ್ತು. ಬ್ಯಾಡ್‌ವಾಟರ್‌ನಲ್ಲಿ ಕೆರೆಯೇ ಆಗಿತ್ತು.

ಪ್ರಶ್ನೆ (ಫ್ರೀಮಾಂಟ್‌ನ ಗೃಹಿಣಿ):
ಮಂಡಿ ನೋವಿನವರು ಝಯಾನ್‌ನಲ್ಲಿ ಏನು ನೋಡಬಹುದು? ಟಿಕೆಟ್ ಹೇಗೆ? ಅತ್ತೆ ಒಂದು ಚಿಟಿಕೆ ಉಪ್ಪು ಊರಿಗೆ ಒಯ್ಯಬಹುದಾ ಅಂತ ಕೇಳುತ್ತಿದ್ದಾರೆ.

ಉತ್ತರ:
ಝಯಾನ್ ಕಣಿವೆಯೊಳಗೆ ಆ ಸಮಯದಲ್ಲಿ ಸ್ವಂತ ಗಾಡಿ ಬಿಡುವುದಿಲ್ಲ. ಉಚಿತ ಬಸ್ ಇದೆ. ಪಾರ್ಕಿಂಗ್ ಬೆಳಗ್ಗೆಯೇ ತುಂಬುತ್ತದೆ, ಬೇಗ ಹೋಗಿ. ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದರೆ ನದಿ ಪಕ್ಕದಲ್ಲೇ ರಿವರ್‌ಸೈಡ್ ವಾಕ್, ಹೋಗಿ ಬರಲು ಎರಡು ಮೈಲಿ ಚಿಲ್ಲರೆ, ಕಾಲುದಾರಿ ಚೆನ್ನಾಗಿದೆ. ಮಾವನವರು ಬೇಕಾದಷ್ಟು ನಡೆದು ವಾಪಸ್ ಬರಬಹುದು. ಕಡಿದಾದ ಬಂಡೆ ಹತ್ತುವ ಏಂಜಲ್ಸ್ ಲ್ಯಾಂಡಿಂಗ್ ಈ ಸಲ ಬೇಡ. ಅದಕ್ಕೆ 2022ರಿಂದ ಲಾಟರಿ ಪರ್ಮಿಟ್ ಬೇರೆ. ಬ್ರೈಸ್‌ನಲ್ಲಿ ಸನ್‌ಸೆಟ್ ಪಾಯಿಂಟ್‌ನಿಂದ ಸನ್‌ರೈಸ್ ಪಾಯಿಂಟ್‌ವರೆಗೆ ಅರ್ಧ ಮೈಲಿ ಸಿಮೆಂಟು ಹಾಸಿದ ಹಾಗೆ ಸಮತಟ್ಟು. ಹಿಮ ಇದ್ದರೆ ಮಾತ್ರ ಕೋಲು ಕೊಡಿ.

ಟಿಕೆಟ್ ಬಗ್ಗೆ: ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಉಚಿತ ಪಾಸ್ ಇದೆ, ಕಾರಿನಲ್ಲಿರುವ ಕುಟುಂಬಕ್ಕೂ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಪಡೆದು ಪ್ರಿಂಟ್ ತೆಗೆದುಕೊಂಡು ಬನ್ನಿ. ಆದರೆ 2026ರ ಜನವರಿಯಿಂದ ಝಯಾನ್, ಬ್ರೈಸ್ ಸೇರಿ 11 ಪಾರ್ಕ್‌ಗಳಲ್ಲಿ ಹೊರದೇಶದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ನಿಮ್ಮ ಕಾರಿನಲ್ಲಿರುವ ಅತ್ತೆ ಮಾವನಿಗೆ ಅದು ಬೀಳುತ್ತಾ ಅಂತ ಹೊರಡುವ ಮುಂಚೆಯೇ ಪಾರ್ಕ್‌ಗೆ ಫೋನ್ ಮಾಡಿ ಕೇಳಿಕೊಳ್ಳಿ. ಗೇಟಿನ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ. ಡೆತ್ ವ್ಯಾಲಿಯಲ್ಲಿ ನಗದು ತಗೊಳ್ಳಲ್ಲ, ಕಾರ್ಡ್ ಇರಲಿ.

ಉಪ್ಪು ತರುವ ಹಾಗಿಲ್ಲ ಅಂತ ಅತ್ತೆಯವರಿಗೆ ಹೇಳಿ. ಕಲ್ಲು, ಹೂವು, ಯಾವುದೂ ಇಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನಾಗರ ನೋಡಿದ್ದರೆ ಅವರಿಗೆ ಬ್ಯಾಡ್‌ವಾಟರ್ ಪರಿಚಿತ ಅನ್ನಿಸಬಹುದು. ಅಲ್ಲಿ ಜನ ಉಪ್ಪು ಮಾಡುತ್ತಾರೆ. ಇಲ್ಲಿ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ, ಆವಿಯಾಗಿ ಉಪ್ಪು ಮಾತ್ರ ಉಳಿದಿದೆ.

ಮಕ್ಕಳಿಗೆ ವಿಸಿಟರ್ ಸೆಂಟರ್‌ನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೇಳಿ. ತುಂಬಿ ಕೊಟ್ಟರೆ ರೇಂಜರ್ ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಮಾವನವರಿಗೂ ಒಂದು ಕೇಳಿ, ದೊಡ್ಡವರಿಗೂ ಕೊಡುತ್ತಾರೆ.