ಸ್ಪಿನ್‌ಗೆ ಬಂದ್ರೆ ವಾಷಿಂಗ್ ಮೆಷಿನ್ ದಡಬಡ ಅಂತಿದೆ, ಗೇರ್‌ಬಾಕ್ಸ್ ಹೋಗಿದೆ ಅಂತಾರೆ, ನಿಜಾನಾ?

ತಲೆನೋವು_ಟಾಪ್‌ಲೋಡ್:
ನಮಸ್ಕಾರ ಎಲ್ರಿಗೂ. 6.5 ಕೆಜಿ ಫುಲ್ಲಿ ಆಟೊಮ್ಯಾಟಿಕ್ ಟಾಪ್ ಲೋಡು, ಏಳು ವರ್ಷ ಹಳೇದು. ಒಗೆಯೋವಾಗ ಏನೂ ತಕರಾರಿಲ್ಲ, ನೀರು ಹೊರಗೆ ಬಿಟ್ಟು ಸ್ಪಿನ್ ಶುರು ಆಯ್ತು ಅಂದ್ರೆ ದಡ ದಡ ಅಂತ ಬಡ್ಕೊಳ್ಳತ್ತೆ, ಗೋಡೆ ಬಿಟ್ಟು ಮುಂದಕ್ಕೆ ನಡ್ಕೊಂಡೇ ಬರತ್ತೆ, ಒಂದೊಂದ್ಸಲ ಯುಇ (ಬಟ್ಟೆ ಒಂದೇ ಕಡೆ ಸೇರಿ ಬ್ಯಾಲೆನ್ಸ್ ತಪ್ಪಿದೆ ಅನ್ನೋ ಎರರ್) ಅಂತ ತೋರ್ಸಿ ಮತ್ತೆ ನೀರು ತುಂಬ್ಕೊಂಡು ಕೂತ್ಕೊಳ್ಳತ್ತೆ. ಕೆಳಗಡೆ ಮನೆ ಆಂಟಿ ಬಂದು ಕೇಳೂ ಆಯ್ತು. ರಿಪೇರಿಯವರು ಗೇರ್‌ಬಾಕ್ಸ್ ಚೇಂಜ್ ಮಾಡ್ಬೇಕು, 4,500 ಅಂದ್ರು. ಈ ತಿಂಗಳು ಅಷ್ಟಾಗಲ್ಲ, ಏನಾದ್ರೂ ಕಮ್ಮೀಲಿ ಆಗತ್ತಾ?

ಸ್ಪ್ಯಾನರ್_ಸಾಹೇಬ:
ತಡೀರಿ, ಈಗ್ಲೇ ಅಡ್ವಾನ್ಸ್ ಕೊಡ್ಬೇಡಿ. ಗೇರಿಗೆ ಕೆಲಸ ಇರೋದೇ ಒಗೆಯೋವಾಗ, ಪಲ್ಸೇಟರ್, ಅಂದ್ರೆ ಟಬ್ಬಿನ ತಳದಲ್ಲಿರೋ ತಟ್ಟೆ, ಆ ಕಡೆ ಈ ಕಡೆ ತಿರುಗೋವಾಗ. ಸ್ಪಿನ್‌ನಲ್ಲಿ ಎಲ್ಲಾ ಒಟ್ಟಿಗೆ ಒಂದೇ ಪೀಸಾಗಿ ಸುತ್ತತ್ತೆ. ಒಗೆಯೋವಾಗ ಸೈಲೆಂಟಾಗಿದ್ರೆ ನಂಗೆ ಗೇರಿನ ಮೇಲೆ ಅನುಮಾನ ಬರಲ್ಲ. ದುಡ್ಡು ಖರ್ಚಿಲ್ಲದ ಎರಡು ಕೆಲಸ ಮಾಡಿ ನೋಡಿ. ಬಟ್ಟೆ ಹಾಕದೆ ಖಾಲಿ ಸ್ಪಿನ್ ಬಿಡಿ, ಆಗ್ಲೂ ಒಂದೇ ಸಮ ಗೊರ್ರ್ ಅಂತಿದ್ರೆ ಬೇರಿಂಗು. ಆಮೇಲೆ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಟಬ್ಬನ್ನ ಕೈಯಲ್ಲಿ ಕೆಳಗೆ ಒತ್ತಿ ಬಿಡಿ. ಮೇಲೆ ಬಂದು ಅಲ್ಲೇ ನಿಂತ್ರೆ ಸರಿ, ಕುಣೀತಾನೇ ಇದ್ರೆ ಸಸ್ಪೆನ್ಷನ್ ರಾಡು, ಅಂದ್ರೆ ಟಬ್ಬನ್ನ ಮೂಲೆಗಳಿಂದ ತೂಗುಹಾಕಿರೋ ರಾಡು, ಹೋಗಿದೆ ಅಂತ ಅರ್ಥ.

ಮೂರನೇ_ಮಹಡಿ:
ಅದಕ್ಕೂ ಮುಂಚೆ ಮೆಷಿನ್ ಯಾವುದ್ರ ಮೇಲಿದೆ ನೋಡಿ ಸರ್. ಚಕ್ರ ಇರೋ ಸ್ಟ್ಯಾಂಡ್ ಮೇಲೆ ಇಟ್ಟಿದ್ರೆ ಇಳಿಸಿ ನೆಲದ ಮೇಲಿಡಿ, ನಾಲ್ಕೂ ಕಾಲು ಕೂತಿದ್ಯಾ ಅಂತ ಮೂಲೆಮೂಲೆ ಒತ್ತಿ ನೋಡಿ. ಬಚ್ಚಲಲ್ಲಿ ನೀರು ಹರಿಯೋಕೆ ಅಂತ ನೆಲ ಇಳಿಜಾರೇ ಇರತ್ತೆ, ಅದನ್ನ ಯಾರೂ ಲೆಕ್ಕಕ್ಕೆ ಇಡಲ್ಲ. ಇನ್ನು ಒಂದೇ ಒಂದು ದಪ್ಪ ಬೆಡ್‌ಶೀಟ್ ಹಾಕಿ ಸ್ಪಿನ್ ಬಿಟ್ರೆ ಹೊಸ ಮೆಷಿನ್ನೂ ಕುಣಿಯತ್ತೆ.

ತಲೆನೋವು_ಟಾಪ್‌ಲೋಡ್:
ಸ್ಟ್ಯಾಂಡ್ ಇಲ್ಲ, ಲೆವೆಲ್ಲೂ ಸರಿ ಇದೆ. ಖಾಲಿ ಬಿಟ್ರೆ ಸೌಂಡೇ ಇಲ್ಲ ಅನ್ನೋ ಹಾಗಿದೆ. ಆದ್ರೆ ಒತ್ತಿ ಬಿಟ್ರೆ ಟಬ್ಬು ತೊಟ್ಟಿಲ ಥರ ತೂಗಾಡ್ತಿದೆ, ಹಿಂದಿನ ಒಂದು ಮೂಲೆ ತಗ್ಗೂ ಕಾಣತ್ತೆ. ರಾಡಿಗೆ ಎಣ್ಣೆ ಹಾಕಿದ್ರೆ ಆಗತ್ತಾ?

ಸ್ಪ್ಯಾನರ್_ಸಾಹೇಬ:
ಎಣ್ಣೆ ಮಾತ್ರ ಬೇಡ! ರಾಡಿನ ಬುಡದಲ್ಲಿರೋ ಬಟ್ಟಲಿನಂಥ ಕಪ್ ಬಿಗಿಯಾಗಿ ಉಜ್ಜಿದ್ರೇನೇ ಕುಣಿತ ನಿಲ್ಲೋದು, ಅಲ್ಲಿ ಜಾರೋ ಹಾಗೆ ಮಾಡಿದ್ರೆ ಇನ್ನೂ ಜಾಸ್ತಿ ಆಗತ್ತೆ. ನಾಲ್ಕು ರಾಡಿರತ್ತೆ, ಒಂದೇ ಹೋಗಿದ್ರೂ ನಾಲ್ಕೂ ಬದಲಾಯಿಸಿ, ಇಲ್ಲಾಂದ್ರೆ ಹೊಸದು ಒಂದು ಕಡೆ ಎತ್ತಿ ಹಿಡಿದು ಟಬ್ಬು ವಾಲತ್ತೆ. ಲೋಕಲ್ ಸೆಟ್ಟು ಸಾಮಾನ್ಯವಾಗಿ ಸಾವಿರದೊಳಗೇ ಸಿಗತ್ತೆ. ಹಳೇ ರಾಡು ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಉದ್ದ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಉಪಯೋಗಕ್ಕೆ ಬರಲ್ಲ, ಕೆಲವು ಮಾಡೆಲ್‌ಗಳಲ್ಲಿ ಮುಂದಿಂದು ಹಿಂದಿಂದು ಬೇರೆ ಇರತ್ತೆ, ಅದಕ್ಕೆ ಬಿಚ್ಚೋ ಮುಂಚೆ ಫೋಟೊ ತೆಗೆದು ಯಾವ ಮೂಲೇದು ಯಾವುದು ಅಂತ ಗುರುತು ಮಾಡ್ಕೊಳ್ಳಿ.
ನಲ್ಲಿ ಬಂದ್ ಮಾಡಿ, ನೀರು ಪೂರ್ತಿ ಖಾಲಿ ಮಾಡಿ. ಮೇಲಿನ ಕವರ್ ಸ್ಕ್ರೂ ಬಿಚ್ಚಿ ಎತ್ತಿದ್ರೆ ಮೂಲೇಲಿ ರಾಡಿನ ತಲೆ ಕಾಣತ್ತೆ. ಒಬ್ರು ಟಬ್ಬು ಮೇಲೆತ್ತಿ ಹಿಡೀಲಿ, ಇನ್ನೊಬ್ರು ರಾಡು ಗೂಡಿಂದ ಬಿಡಿಸ್ಲಿ. ಒಂದು ಹಾಕಿ ಆಮೇಲೆ ಇನ್ನೊಂದು, ನಾಲ್ಕೂ ಒಟ್ಟಿಗೆ ಬಿಚ್ಚಿದ್ರೆ ಟಬ್ಬು ಕೆಳಗೆ ಕೂರತ್ತೆ. ಕವರಿನ ವೈರು ಎಳೀದೆ ನೋಡ್ಕೊಳ್ಳಿ, ಇಲಿ ಕಡಿದಿದ್ಯಾ ಅಂತ್ಲೂ ಒಂದ್ಸಲ ಕಣ್ಣಾಡಿಸಿ.

ಉಪ್ಪುನೀರು:
ಮಧ್ಯ ಬಂದಿದ್ದಕ್ಕೆ ಸಾರಿ, ನಮ್ದು ಫ್ರಂಟ್ ಲೋಡು, ಸ್ಪಿನ್‌ನಲ್ಲಿ ಹೆಲಿಕಾಪ್ಟರ್ ಸೌಂಡು, ಇದಕ್ಕೂ ಈ ರಾಡೇನಾ?

ಸ್ಪ್ಯಾನರ್_ಸಾಹೇಬ:
ಅಲ್ಲ, ಅದರ ಕಥೆ ಬೇರೆ. ಪ್ಲಗ್ ತೆಗೆದು ಡ್ರಮ್ಮನ್ನ ಕೈಯಲ್ಲಿ ತಿರುಗಿಸಿ, ಗೊರಗೊರ ಅಂದ್ರೆ ಅಥವಾ ಒಳಗಿಂದ ಮೇಲಕ್ಕೆ ಎತ್ತಿದಾಗ ಲೊಡಲೊಡ ಆಡಿದ್ರೆ ಬೇರಿಂಗು. ಹಳೇ ಬೇರಿಂಗಿನ ಮೇಲೇ ನಂಬರ್ ಇರತ್ತೆ, 6205, 6206 ಥರ, ಅದೇ ಕೇಳಿ ತಗೊಳ್ಳಿ. ಆಯಿಲ್ ಸೀಲ್ ಜೊತೇಲೇ ಬದಲಾಯಿಸಿ, ನೀರು ಇಳಿದ್ರೆ ಹೊಸ ಬೇರಿಂಗೂ ತುಕ್ಕು ಹಿಡಿಯತ್ತೆ. ಕೆಲವು ಕಂಪನಿಯವರು ಟಬ್ಬನ್ನ ಅಂಟಿಸಿ ಸೀಲ್ ಮಾಡಿರ್ತಾರೆ, ಬಿಚ್ಚೋಕಾಗಲ್ಲ, ಮೊದ್ಲೇ ವಿಚಾರಿಸಿ. ಇದು ಮನೇಲಿ ಮಾಡೋ ಕೆಲಸ ಅಂತ ನಾನು ಹೇಳಲ್ಲ.

ತಲೆನೋವು_ಟಾಪ್‌ಲೋಡ್:
ಸೆಟ್ಟು 750ಕ್ಕೆ ಸಿಕ್ತು, ತಮ್ಮನ್ನ ಕರೆಸಿ ಹಾಕಿದ್ವಿ. ದಡಬಡ ನಿಂತಿದೆ, ಯುಇನೂ ಬಂದಿಲ್ಲ. ಆದ್ರೆ ಈಗ ಒಗೆಯೋವಾಗ ಟಿಕ್ ಟಿಕ್ ಅಂತ ಸಣ್ಣದಾಗಿ ಕೇಳ್ತಿದೆ, ಮುಂಚೆ ಗಮನಿಸಿರ್ಲಿಲ್ವೋ ಏನೋ.

ಮೂರನೇ_ಮಹಡಿ:
ಪಲ್ಸೇಟರ್ ಕೆಳಗೆ ಏನೋ ಸಿಕ್ಕಿರತ್ತೆ ಸರ್, ನಡುವಿನ ಸ್ಕ್ರೂ ಬಿಚ್ಚಿ ಎತ್ತಿ ನೋಡಿ.

ತಲೆನೋವು_ಟಾಪ್‌ಲೋಡ್:
ಎರಡು ರೂಪಾಯಿ ಕಾಯಿನ್ನು, ಒಂದು ಹೇರ್‌ಪಿನ್ನು, ಬ್ಲೌಸಿನ ಹುಕ್ಕು. ಥ್ಯಾಂಕ್ಸ್ ಸರ್ ಇಬ್ರಿಗೂ. ಹೇರ್‌ಪಿನ್ ನಮ್ಮನೇದಲ್ಲ ಅಂತಿದಾರೆ, ಅದು ಬೇರೆ ವಿಚಾರಣೆ ನಡೀತಿದೆ.