ಶೀತಲ ಸಮರದ ಪಾಠದಲ್ಲಿ ಭಯಕ್ಕೂ ಮನೆಯ ಬದುಕಿಗೂ ಇರುವ ನಂಟನ್ನು ಕಲಿಸುವುದು ಹೇಗೆ?

ಪ್ರಶ್ನೆ: ಉಣಕಲ್ಲಿನ ಉಪನ್ಯಾಸಕಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಈ ಸೆಮಿಸ್ಟರಿನಲ್ಲಿ ಎರಡನೆಯ ಮಹಾಯುದ್ಧದ ನಂತರದ ಅಮೆರಿಕದ ಭಾಗ ನನ್ನ ಪಾಲಿಗೆ ಬಂದಿದೆ. ನಾನು ಬಳಸುತ್ತಿರುವ ಟಿಪ್ಪಣಿಗಳಲ್ಲಿ ಟ್ರೂಮನ್ ಸಿದ್ಧಾಂತ, ಮಾರ್ಷಲ್ ಯೋಜನೆ, ಬರ್ಲಿನ್ ದಿಗ್ಬಂಧನ, ಕೊರಿಯಾ ಯುದ್ಧ ಇವೆಲ್ಲ ಒಂದು ಅಧ್ಯಾಯದಲ್ಲಿವೆ. ಉಪನಗರ, ಕಾರು, ಟೆಲಿವಿಷನ್, ಏರಿದ ಜನನಸಂಖ್ಯೆ ಇವು ಇನ್ನೊಂದರಲ್ಲಿವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಇಷ್ಟು ವರ್ಷ ನಾನೂ ಬೇರೆ ಬೇರೆಯಾಗಿಯೇ ಕಲಿಸುತ್ತ ಬಂದೆ.

ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಮೇಡಂ, ಅಮೆರಿಕದ ಊರುಗಳ ಮೇಲೆ ಬಾಂಬು ಬೀಳಲಿಲ್ಲ, ಅಲ್ಲಿಯ ಜನಕ್ಕೆ ಕೆಲಸವಿತ್ತು, ಕೈಯಲ್ಲಿ ದುಡ್ಡಿತ್ತು. ಎರಡು ಕೋಟಿಗೂ ಮಿಕ್ಕಿ ಜನರನ್ನು ಕಳೆದುಕೊಂಡದ್ದು ಸೋವಿಯತ್ ದೇಶ. ಹಾಗಿದ್ದ ಮೇಲೆ ಅಷ್ಟು ಅಂಜಿದವರು ಅಮೆರಿಕದವರೇಕೆ?" ಎಂದು ಕೇಳಿದಳು. 1949ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬು ಪರೀಕ್ಷಿಸಿತು, ಅಕ್ಟೋಬರಿನಲ್ಲಿ ಚೀನಾ ಕಮ್ಯುನಿಸ್ಟರ ಕೈಸೇರಿತು ಎಂದು ಹೇಳಿದೆ. ಸರ್ಕಾರ ಏಕೆ ಅಂಜಿತು ಎಂಬುದಕ್ಕೆ ಅದು ಉತ್ತರವಾದೀತು. ಆದರೆ ಬಾಂಬು ದಾಳಿಯ ಅಭ್ಯಾಸವೆಂದು ಶಾಲೆಯ ಮಗು ಏಕೆ ಮೇಜಿನ ಕೆಳಗೆ ಮುದುಡಿ ಕೂರಬೇಕಾಯಿತು, ಒಬ್ಬ ಅಧ್ಯಾಪಕ ಕೆಲಸ ಉಳಿಸಿಕೊಳ್ಳಲು ಏಕೆ ನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾಯಿತು ಎಂಬುದಕ್ಕೆ ಅದು ಸಾಲದು ಎಂದು ಮನೆಗೆ ಬಂದ ಮೇಲೂ ಅನ್ನಿಸುತ್ತಲೇ ಇತ್ತು. ಈ ಎರಡು ಅಧ್ಯಾಯಗಳನ್ನು ಹೊಲಿಯುವ ದಾರ ಯಾವುದು? ನಮ್ಮ ಭಾಗದ ಮಕ್ಕಳು ತಮ್ಮ ಮನೆಯಿಂದಲೇ ಹಿಡಿದುಕೊಳ್ಳಬಹುದಾದ ಎಳೆ ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ: ಸಪ್ತಾಪುರದ ಓದುಗ, ಧಾರವಾಡ

ಮೇಡಂ, ಆ ದಾರ ಮನೆಯೇ ಎಂಬುದು ನನ್ನ ತಿಳಿವಳಿಕೆ. ಯುದ್ಧ ಮುಗಿಸಿ ಮರಳಿದ ಲಕ್ಷಾಂತರ ಸೈನಿಕರಿಗೆ ಇರಲು ಮನೆಗಳಿರಲಿಲ್ಲ; ಮದುವೆಯಾದವರು ಹೆತ್ತವರ ಮನೆಯ ಒಂದು ಕೋಣೆಯಲ್ಲೋ ಬ್ಯಾರಕ್ಕುಗಳಲ್ಲೋ ದಿನ ಕಳೆಯುತ್ತಿದ್ದರು. 1947ರಲ್ಲಿ ನ್ಯೂಯಾರ್ಕ್ ನಗರದ ಹೊರಗೆ, ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ವಿಲಿಯಂ ಲೆವಿಟ್ ಕಾರ್ಖಾನೆಯಲ್ಲಿ ಕಾರು ಜೋಡಿಸಿದಂತೆ ಮನೆ ಕಟ್ಟಲು ತೊಡಗಿದ. ಒಂದು ತಂಡ ಅಡಿಪಾಯ ಹಾಕಿ ಮುಂದಿನ ನಿವೇಶನಕ್ಕೆ ಹೋದರೆ ಹಿಂದಿನಿಂದ ಗೋಡೆಯವರು, ಅವರ ಹಿಂದೆ ಬಣ್ಣದವರು ಬರುತ್ತಿದ್ದರು. ಹೀಗೆ ಕೆಲವೇ ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದವು. ಸುಮಾರು 8,000 ಡಾಲರಿನ ಮನೆಯನ್ನು, ಸರ್ಕಾರದ ಖಾತರಿಯಿದ್ದ ಸಾಲದ ಬಲದಿಂದ, ಮಾಜಿ ಸೈನಿಕನೊಬ್ಬ ಮುಂಗಡವಿಲ್ಲದೆ ತಿಂಗಳ ಕಂತಿನಲ್ಲಿ ತನ್ನದಾಗಿಸಿಕೊಳ್ಳಬಹುದಾಗಿತ್ತು. ಸ್ವಂತ ಮನೆ, ಸ್ವಂತ ಜಾಗ ಇರುವವನು ಕಮ್ಯುನಿಸ್ಟನಾಗಲಾರ, ಏಕೆಂದರೆ ಅವನಿಗೆ ಮಾಡಲು ಕೆಲಸ ಬೇಕಾದಷ್ಟಿರುತ್ತದೆ ಎಂದು ಆ ಲೆವಿಟ್ ಹೇಳಿದ್ದು ಪ್ರಸಿದ್ಧವಾಗಿದೆ. ಅವನ ಪಾಲಿಗೆ ಮನೆ ಬರಿಯ ಆಸ್ತಿಯಲ್ಲ, ಒಂದು ತಡೆಗೋಡೆ ಎಂಬುದು ಆ ಮಾತಿನಿಂದಲೇ ತಿಳಿಯುತ್ತದೆ.

1959ರ ಜುಲೈ 24ರಂದು ಮಾಸ್ಕೋದ ಸೊಕೋಲ್ನಿಕಿ ಉದ್ಯಾನದ ಅಮೆರಿಕನ್ ಪ್ರದರ್ಶನದಲ್ಲಿ ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ವಾದಕ್ಕೆ ನಿಂತದ್ದು ಕ್ಷಿಪಣಿಯ ಎದುರಲ್ಲ, ಒಂದು ಮಾದರಿ ಮನೆಯ ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. 14,000 ಡಾಲರಿನ ಈ ಮನೆಯನ್ನು ನಮ್ಮ ಉಕ್ಕಿನ ಕಾರ್ಮಿಕನೂ ಕೊಳ್ಳಬಲ್ಲ ಎಂದು ನಿಕ್ಸನ್ ಹೇಳಿದರೆ, ನಮ್ಮ ದೇಶದಲ್ಲಿ ಹುಟ್ಟಿದರೆ ಸಾಕು, ಮನೆ ಪಡೆಯುವ ಹಕ್ಕು ಬರುತ್ತದೆ ಎಂದು ಕ್ರುಶ್ಚೇವ್ ಮರುನುಡಿದರು. ನಿಮ್ಮ ಎರಡು ಅಧ್ಯಾಯಗಳು ಒಂದೇ ಕೋಣೆಯಲ್ಲಿ ಎದುರಾದ ಗಳಿಗೆ ಅದು. ನಾನಾಗಿದ್ದರೆ ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತಿದ್ದೆ.

ಅಂಥ ಅಡುಗೆಮನೆಯಲ್ಲಿ ನಿಂತಿದ್ದ ಹೆಣ್ಣುಮಗಳ ಬಗ್ಗೆಯೂ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಯುದ್ಧಕಾಲದಲ್ಲಿ ಹಡಗು, ವಿಮಾನ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರಿಗೆ ಯುದ್ಧ ಮುಗಿದೊಡನೆ ಮನೆಗೆ ಮರಳಿರಿ ಎಂಬ ಬುದ್ಧಿವಾದ ಎಲ್ಲ ಕಡೆಯಿಂದ ಬಂತು. 1950ರ ದಶಕದ ನಡುವಿನಲ್ಲಿ ಹೆಣ್ಣಿನ ಮದುವೆಯ ವಯಸ್ಸು ಸುಮಾರು 20ಕ್ಕೆ ಇಳಿಯಿತು. 1957ರ ಒಂದೇ ವರ್ಷ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು. ಗಂಡ, ಹೆಂಡತಿ, ಮಕ್ಕಳು, ಭಾನುವಾರದ ಚರ್ಚು ಎಂಬ ಚೌಕಟ್ಟು ದೇವರಿಲ್ಲ ಎನ್ನುವ ಕಮ್ಯುನಿಸಂಗೆ ಉತ್ತರವೆಂದು ಬಿಂಬಿತವಾಯಿತು. ಶಾಲೆಯ ಮಕ್ಕಳು ಹೇಳುವ ಧ್ವಜಪ್ರತಿಜ್ಞೆಯಲ್ಲಿ ದೇವರ ಹೆಸರು ಸೇರಿದ್ದು 1954ರಲ್ಲಿ.

ಉತ್ತರ: ನಿವೃತ್ತ ಶಿಕ್ಷಕ, ಗದಗ

ಸಪ್ತಾಪುರದ ಓದುಗರು ಅಡುಗೆಮನೆಯ ಪ್ರಸಂಗವನ್ನು ಚೆನ್ನಾಗಿ ನೆನಪಿಸಿದ್ದಾರೆ. ಆದರೆ ಎಲ್ಲವನ್ನೂ ಕಮ್ಯುನಿಸಂನ ಭಯದ ಲೆಕ್ಕಕ್ಕೆ ಬರೆದರೆ ವಿದ್ಯಾರ್ಥಿಗಳು ತಪ್ಪು ದಾರಿ ಹಿಡಿಯುತ್ತಾರೆ ಎಂಬ ಆತಂಕ ನನಗಿದೆ. ಸೈನಿಕರಿಗೆ ಓದಿನ ಶುಲ್ಕವನ್ನೂ ಮನೆಯ ಸಾಲದ ಖಾತರಿಯನ್ನೂ ಕೊಟ್ಟ ಕಾಯ್ದೆ ಬಂದದ್ದು 1944ರಲ್ಲಿ, ಅಂದರೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಇನ್ನೂ ಒಂದೇ ಪಕ್ಷದಲ್ಲಿ ಹೋರಾಡುತ್ತಿದ್ದಾಗ. ಅದನ್ನು ಹೆತ್ತದ್ದು ಬೇರೆಯೇ ಭಯ: 1930ರ ದಶಕದ ನಿರುದ್ಯೋಗ ಮರಳೀತೆಂಬ ಭಯ. 1932ರಲ್ಲಿ ಮೊದಲ ಮಹಾಯುದ್ಧದ ಸೈನಿಕರು ತಮಗೆ ಬರಬೇಕಿದ್ದ ಹಣ ಕೇಳಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟದ್ದನ್ನೂ, ಸೇನೆಯೇ ಅವರನ್ನು ಎಬ್ಬಿಸಿ ಓಡಿಸಿದ್ದನ್ನೂ ಕಂಡಿದ್ದವರು ಬರೆದ ಕಾಯ್ದೆ ಅದು. ಯುದ್ಧಕಾಲದಲ್ಲಿ ಕೊಳ್ಳಲು ಏನೂ ಸಿಗದೆ ಜನ ಕೂಡಿಟ್ಟ ಹಣ ಒಮ್ಮೆಲೇ ಹೊರಬಂದದ್ದೂ ಸಮೃದ್ಧಿಗೆ ಕಾರಣ. ಭಯ ಆಮೇಲೆ ಬಂದು ಆ ಮನೆಯಲ್ಲಿ ನೆಲೆಸಿತು; ಮನೆಯನ್ನು ಕಟ್ಟಿದ್ದು ಅದೊಂದೇ ಅಲ್ಲ.

ಇದೇ ಮಾತು ಹೆದ್ದಾರಿಗಳಿಗೂ ಅನ್ವಯಿಸುತ್ತದೆ. 1956ರ ಕಾಯ್ದೆಯಂತೆ ಸುಮಾರು 66,000 ಕಿಲೋಮೀಟರ್ ರಸ್ತೆಜಾಲದ ಹೆಸರಿನಲ್ಲಿಯೇ 'ರಕ್ಷಣೆ' ಎಂಬ ಮಾತು ಸೇರಿತ್ತೆಂಬುದು ನಿಜ. ಆದರೆ ಪ್ರತಿ ಐದು ಮೈಲಿಗೆ ಒಂದು ಮೈಲಿ ನೇರ ರಸ್ತೆಯನ್ನು ವಿಮಾನ ಇಳಿಯಲೆಂದೇ ಬಿಟ್ಟಿದ್ದಾರೆಂದು ಎಲ್ಲೆಡೆ ಹರಿದಾಡುವ ಮಾತಿಗೆ ಆಧಾರವಿಲ್ಲ. ನನ್ನ ತರಗತಿಯಲ್ಲಿ ನಾನೂ ಅದನ್ನು ಹೇಳಿದ್ದುಂಟು. ಆದ್ದರಿಂದ ಇಲ್ಲಿ ತಿದ್ದುವುದು ನನ್ನ ಕರ್ತವ್ಯ.

ಇನ್ನು ಭಯದ ವಿಷಯ. 1947ರ ಮಾರ್ಚ್ 12ರಂದು ಕಮ್ಯುನಿಸಂ ಹರಡದಂತೆ ತಡೆಯಲು ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ನೆರವು ಕೇಳಿದ ಅಧ್ಯಕ್ಷ ಟ್ರೂಮನ್, ಅದೇ ತಿಂಗಳಲ್ಲಿ ಕೇಂದ್ರ ಸರ್ಕಾರದ ನೌಕರರ ನಿಷ್ಠೆಯನ್ನು ಪರಿಶೀಲಿಸುವ ಆದೇಶಕ್ಕೂ ಸಹಿ ಹಾಕಿದರು. ಹೊರಗಿನ ನೀತಿ ಮತ್ತು ಒಳಗಿನ ಶಂಕೆ ಒಂಬತ್ತೇ ದಿನಗಳ ಅಂತರದಲ್ಲಿ ಹುಟ್ಟಿದ ಅವಳಿಗಳು ಎಂಬುದನ್ನು ಮೇಡಂ ಅವರು ಕಪ್ಪುಹಲಗೆಯ ಮೇಲೆ ಒಂದರ ಕೆಳಗೆ ಒಂದು ಬರೆದು ತೋರಿಸಬಹುದು. ಕಮ್ಯುನಿಸ್ಟರ ಬೇಟೆಗೆ ಹೆಸರಾದ ಸೆನೆಟರ್ ಮೆಕಾರ್ಥಿ ರಂಗಕ್ಕೆ ಬಂದದ್ದು ಮೂರು ವರ್ಷಗಳ ನಂತರ, 1950ರ ಫೆಬ್ರವರಿಯಲ್ಲಿ. ವಿದೇಶಾಂಗ ಇಲಾಖೆಯ 205 ಕಮ್ಯುನಿಸ್ಟರ ಪಟ್ಟಿ ತನ್ನ ಬಳಿ ಇದೆ ಎಂದರೆಂದು ವರದಿಯಾಯಿತು. ಕೆಲವೇ ದಿನಗಳಲ್ಲಿ ಆ ಸಂಖ್ಯೆ 57 ಆಯಿತು. ಗೂಢಚಾರರು ಇರಲೇ ಇಲ್ಲ ಎಂದು ಕಲಿಸುವುದೂ ಸರಿಯಲ್ಲ. ಅಣುಬಾಂಬಿನ ಯೋಜನೆಯಲ್ಲಿದ್ದ ವಿಜ್ಞಾನಿ ಕ್ಲಾಸ್ ಫುಕ್ಸ್ 1950ರಲ್ಲಿ ತಪ್ಪೊಪ್ಪಿಕೊಂಡದ್ದು ದಾಖಲೆಯಲ್ಲಿದೆ. ಆದರೆ ಬೀಸಿದ ಬಲೆಗೆ ಸಿಕ್ಕವರಲ್ಲಿ ಬಹುಪಾಲು ಅಂಥವರಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಮ್ಯುನಿಸ್ಟ್ ವಿರೋಧಿ ಪ್ರಮಾಣಕ್ಕೆ ಸಹಿ ಹಾಕಲು ಒಪ್ಪದ 31 ಅಧ್ಯಾಪಕರು 1950ರಲ್ಲಿ ಕೆಲಸ ಕಳೆದುಕೊಂಡರು. ಅವರು ಕಮ್ಯುನಿಸ್ಟರೆಂದು ಯಾರೂ ಸಾಬೀತುಪಡಿಸಿರಲಿಲ್ಲ. ಅವರು ಪ್ರಮಾಣದ ಕಾಗದವನ್ನು ಒಪ್ಪಲಿಲ್ಲ, ಅಷ್ಟೆ. ನಾಲ್ಕು ದಶಕ ಸೀಮೆಸುಣ್ಣ ಹಿಡಿದ ನನಗೆ ಆ 31 ಜನರ ಸಂಗತಿ ಓದಿದಾಗಲೆಲ್ಲ ಎದೆ ಭಾರವಾಗುತ್ತದೆ. ನ್ಯೂಯಾರ್ಕಿನ ಶಾಲೆಗಳಲ್ಲಿ, ಬಾಂಬು ಬಿದ್ದರೆ ಮಗುವಿನ ಗುರುತು ಸಿಗಲೆಂದು, ಕೊರಳಿಗೆ ಲೋಹದ ಬಿಲ್ಲೆ ಹಂಚಿದ್ದೂ ಅದೇ ದಶಕದ ಆರಂಭದಲ್ಲಿ.

ನಮ್ಮ ನಾಡಿನ ಎಳೆ ಕೇಳಿದ್ದೀರಿ. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ವ್ಯವಸ್ಥೆಗೆ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು. ಭಾರತೀಯ ಸೈನಿಕರ ಕಾವಲಿನಲ್ಲಿದ್ದ ಆ ಕೈದಿಗಳಲ್ಲಿ ಕೊನೆಗೂ ಮನೆಗೆ ಹೋಗಲೊಪ್ಪದ 21 ಮಂದಿ ಅಮೆರಿಕನ್ನರಿದ್ದರು. ಕಮ್ಯುನಿಸ್ಟರ ಕಡೆಗೆ ಹೋಗಲು ನಿರಾಕರಿಸಿದ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು 22,000ಕ್ಕೂ ಹೆಚ್ಚು. ಆದರೂ ಅಮೆರಿಕವನ್ನು ಕಾಡಿದ್ದು ಆ 21 ಜನ. ಅವರ ಮನಸ್ಸನ್ನು ಶತ್ರು ಹೇಗೆ ತೊಳೆದ ಎಂಬ ಪ್ರಶ್ನೆಯಿಂದ ಹೊರಟ ಚರ್ಚೆ, ನಮ್ಮ ಶಾಲೆ, ನಮ್ಮ ತಾಯಂದಿರು ಮಕ್ಕಳನ್ನು ಮೆತ್ತಗೆ ಬೆಳೆಸಿದರೇ ಎಂಬಲ್ಲಿಗೆ ಬಂದು ಮುಟ್ಟಿತು. ನಿಮ್ಮ ವಿದ್ಯಾರ್ಥಿನಿಗೆ ಇದನ್ನು ಹೇಳಿರಿ. ಕಳೆದುಕೊಳ್ಳಲು ಬಹಳ ಇದ್ದವರು ಹೊರಗಿನ ಸೈನ್ಯಕ್ಕಿಂತ ತಮ್ಮ ಮನೆಯೊಳಗಿನ ಬಿರುಕಿಗೆ ಹೆಚ್ಚು ಅಂಜಿದರು.

ಉತ್ತರ: ಸಪ್ತಾಪುರದ ಓದುಗ, ಧಾರವಾಡ

ಗುರುಗಳೇ, 1944ರ ಕಾಯ್ದೆಯ ವಿಷಯದಲ್ಲಿ ತಮ್ಮ ತಿದ್ದುಪಡಿಯನ್ನು ಒಪ್ಪುತ್ತೇನೆ. ಆದರೆ ಆ ಮನೆ ಯಾರಿಗೆ ದಕ್ಕಿತು ಎಂಬುದನ್ನು ನೋಡಿದರೆ ಶೀತಲ ಸಮರ ಮತ್ತೆ ಅಲ್ಲಿಗೇ ಬರುತ್ತದೆ. ಲೆವಿಟ್ ಕಟ್ಟಿದ ಆ ಬಡಾವಣೆಯಾದ ಲೆವಿಟ್‌ಟೌನಿನ ಆರಂಭದ ಕರಾರುಪತ್ರಗಳಲ್ಲಿ ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದೆಂಬ ಷರತ್ತೇ ಇತ್ತು; ಅದೇ ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕ ಹೊರಗುಳಿದ. ಇದನ್ನು ಸೋವಿಯತ್ ಪ್ರಚಾರ ಜಗತ್ತಿಗೆಲ್ಲ ಸಾರುತ್ತಿತ್ತು. ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಎಂಬ ಪ್ರತ್ಯೇಕತೆಯ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದ್ದಾಗ, ವರ್ಣಭೇದವು ಕಮ್ಯುನಿಸ್ಟ್ ಪ್ರಚಾರಕ್ಕೆ ಆಹಾರ ಒದಗಿಸುತ್ತಿದೆ ಎಂದು ಅಮೆರಿಕ ಸರ್ಕಾರವೇ 1952ರ ಡಿಸೆಂಬರಿನಲ್ಲಿ ಲಿಖಿತವಾಗಿ ನ್ಯಾಯಾಲಯಕ್ಕೆ ತಿಳಿಸಿತು. 1954ರಲ್ಲಿ ಆ ಪ್ರತ್ಯೇಕತೆಯ ವಿರುದ್ಧ ತೀರ್ಪು ಬಂತು. ಹೀಗೆ ಭಯ ಒಂದು ಕಡೆ ಬಾಯಿ ಕಟ್ಟಿತು, ಇನ್ನೊಂದು ಕಡೆ ಒಂದು ಬಾಗಿಲನ್ನು ತುಸು ಸರಿಸಿತು.

ಎದುರು ಪಕ್ಷದ ಮನೆಯನ್ನೂ ಒಂದು ಮಾತಿನಲ್ಲಿ ಸೇರಿಸಬೇಕು. ಹಲವು ಕುಟುಂಬಗಳು ಒಂದೇ ಅಡುಗೆಮನೆ ಹಂಚಿಕೊಳ್ಳುತ್ತಿದ್ದ ಸೋವಿಯತ್ ನಗರಗಳಲ್ಲಿ 1957ರ ಆದೇಶದ ನಂತರ ಐದಂತಸ್ತಿನ ಕಟ್ಟಡಗಳು ಸಾಲುಸಾಲಾಗಿ ಎದ್ದವು. ನೆರೆಯವರ ಕಿವಿಗೆ ಬೀಳದಂತೆ ಮಾತನಾಡಲು ಜನರಿಗೆ ಮೊದಲ ಬಾರಿಗೆ ತಮ್ಮದೇ ಅಡುಗೆಮನೆ ಸಿಕ್ಕಿತು.

ಉತ್ತರ: ರಾಣೆಬೆನ್ನೂರಿನ ಹಿರಿಯ, ಹಾವೇರಿ ಜಿಲ್ಲೆ

ಮಕ್ಕಳು ಮನೆಯಿಂದ ಹಿಡಿದುಕೊಳ್ಳುವ ಎಳೆ ಬೇಕೆಂದಿದ್ದೀರಿ. ಅದು ಗಂಗಾಳದಲ್ಲಿಯೇ ಇತ್ತು, ತಂಗಿ. 1966ರಲ್ಲಿ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ನಮ್ಮ ಊರು ಆಗ ಧಾರವಾಡ ಜಿಲ್ಲೆಗೇ ಸೇರಿತ್ತು. ಎರಡು ವರ್ಷ ಮೇಲಿಂದ ಮೇಲೆ ಮಳೆ ಕೈಕೊಟ್ಟಿತ್ತು. ಆ ಒಂದೇ ವರ್ಷ ದೇಶಕ್ಕೆ ಹೊರಗಿನಿಂದ ಸುಮಾರು ಒಂದು ಕೋಟಿ ಟನ್ ಧಾನ್ಯ ಬಂತು. ಅದರಲ್ಲಿ ಬಹುಪಾಲು ಅಮೆರಿಕದ್ದು. ಪಿ.ಎಲ್. 480 ಎಂಬ ಹೆಸರನ್ನು ಅಕ್ಷರ ಬಾರದ ನಮ್ಮ ಅಜ್ಜಿಯೂ ಹೇಳುತ್ತಿದ್ದಳು. 1954ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಆ ಕಾಯ್ದೆಯ ಪ್ರಕಾರ, ಅಲ್ಲಿ ಹೆಚ್ಚಾಗಿ ಬೆಳೆದ ಧಾನ್ಯವನ್ನು ನಾವು ಡಾಲರಿನ ಬದಲು ರೂಪಾಯಿ ಕೊಟ್ಟು ಕೊಳ್ಳಬಹುದಿತ್ತು. ಅಲ್ಲಿಯ ರೈತನ ಬೆಲೆ ಕುಸಿಯಬಾರದು, ಹಸಿದ ದೇಶಗಳು ಕಮ್ಯುನಿಸಂ ಕಡೆಗೆ ವಾಲಬಾರದು, ಎರಡೂ ಅದರ ಉದ್ದೇಶವಾಗಿದ್ದವು. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತು ಅಧ್ಯಕ್ಷ ಜಾನ್ಸನ್ನರಿಗೆ ಹಿಡಿಸದೆ, ಹಡಗುಗಳನ್ನು ಅಳೆದು ಸುರಿದು ಬಿಡುತ್ತಿದ್ದರು ಎಂಬುದನ್ನು ನಾನು ದೊಡ್ಡವನಾದ ಮೇಲೆ ಓದಿ ತಿಳಿದೆ. ರೇಶನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಹುಡುಗನಿಗೆ, ಈ ವಾರ ಧಾನ್ಯ ಏಕೆ ಬಂದಿಲ್ಲ ಎಂಬುದು ಯಾರೂ ಹೇಳದ ಸಂಗತಿಯಾಗಿತ್ತು.

ಶಾಲೆಯಲ್ಲಿ ಅಮೆರಿಕದ ಹಿಟ್ಟಿನ ಹಳದಿ ಉಪ್ಪಿಟ್ಟು ತಿಂದು, ಹಾಲಿನ ಪುಡಿಯ ಹಾಲು ಕುಡಿದೆವು. ಅದೇ ಶಾಲೆಯ ಪುಸ್ತಕಗಳಿಗೆ ಸೋವಿಯತ್ ಪತ್ರಿಕೆಯ ನುಣುಪು ಹಾಳೆಯ ರಟ್ಟು ಹಾಕಿದೆವು. ಅಮೆರಿಕದ ಹಿಟ್ಟಿಗೂ ರಷ್ಯಾದ ಕಾಗದಕ್ಕೂ ಜಗಳವಿದೆ ಎಂದು ನಮಗೆ ತಿಳಿದಿರಲಿಲ್ಲ. ಎರಡೂ ಬೇಕಾಗಿದ್ದವು.

ಪ್ರಶ್ನೆ ಕೇಳಿದವರು: ಉಣಕಲ್ಲಿನ ಉಪನ್ಯಾಸಕಿ, ಹುಬ್ಬಳ್ಳಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸೋಮವಾರದ ತರಗತಿಯನ್ನು 1947ರ ಮಾರ್ಚಿನ ಎರಡು ದಿನಾಂಕಗಳಿಂದ ಆರಂಭಿಸಿ, ಮಾಸ್ಕೋದ ಅಡುಗೆಮನೆಗೆ ಹೋಗಿ, ಅಲ್ಲಿಂದ ರೇಶನ್ ಅಂಗಡಿಗೆ ಬರಬೇಕೆಂದುಕೊಂಡಿದ್ದೇನೆ. ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಅಣ್ಣಾವರೇ, ಒಂದು ವಿಷಯ: ಅಮೆರಿಕದಿಂದ ಕೆಂಪು ಜೋಳವೂ ಬರುತ್ತಿತ್ತೆಂದು ನಮ್ಮ ತಾಯಿ ಹೇಳುತ್ತಾರೆ. ಬಿಳಿ ಜೋಳದ ರೊಟ್ಟಿಯ ನಾಡಿನಲ್ಲಿ ಅದನ್ನು ಹೇಗೆ ಉಂಡಿರಿ?

ಉತ್ತರ: ರಾಣೆಬೆನ್ನೂರಿನ ಹಿರಿಯ, ಹಾವೇರಿ ಜಿಲ್ಲೆ

ನಿಮ್ಮ ತಾಯಿಯವರು ಹೇಳಿದ್ದು ನಿಜ, ತಂಗಿ. ಅದನ್ನು ಮೈಲೋ ಎನ್ನುತ್ತಿದ್ದರು. ನಮ್ಮ ಅವ್ವ ಎಷ್ಟು ಕುದಿಯುವ ಎಸರು ಹಾಕಿ ನಾದಿದರೂ ಆ ಹಿಟ್ಟಿಗೆ ಜಿಗಿ ಬರುತ್ತಿರಲಿಲ್ಲ. ಬಡಿಯುವಾಗ ರೊಟ್ಟಿಯ ಅಂಚು ಒಡೆದು ಹೋಗುತ್ತಿತ್ತು. ಕೆಲವು ದಿನ ಪ್ರಯತ್ನಿಸಿ ಕೈಬಿಟ್ಟಳು. ಆಮೇಲೆ ಅದನ್ನು ಬೀಸುವ ಕಲ್ಲಿನಲ್ಲಿ ಒಡೆದು ನುಚ್ಚು ಮಾಡಿ, ಮಜ್ಜಿಗೆ ಹಾಕಿ ನಮಗೆ ಬಡಿಸುತ್ತಿದ್ದಳು. ಮನೆಯಲ್ಲಿ ಉಳಿದಿದ್ದ ಒಂದಿಷ್ಟು ಬಿಳಿ ಜೋಳವನ್ನು ಹೊಲಕ್ಕೆ ಹೋಗುವ ಅಪ್ಪನ ರೊಟ್ಟಿಗೆಂದು ತೆಗೆದಿಟ್ಟಿರುತ್ತಿದ್ದಳು.